ಖರ್ಜೂರದ ಬೀಜ: ಮಿಕ್ಸಿ ಬ್ಲೇಡ್‌ನಿಂದ ವಾಟರ್ ಫಿಲ್ಟರ್‌ವರೆಗೆ

ಕಳೆದ ರಂಜಾನ್‌ನಲ್ಲಿ ನಮ್ಮ ಹಾಸ್ಟೆಲ್ ಫ್ಲೋರ್‌ನಲ್ಲಿ ನಾಲ್ಕು ಜನ ಉಪವಾಸ ಇದ್ದರು. ದಿನಾ ಸಂಜೆ ಒಬ್ಬೊಬ್ಬರು ಮೂರು ಖರ್ಜೂರ ತಿಂದರೆ ತಿಂಗಳಿಗೆ 360 ಬೀಜ. ಅವನ್ನೆಲ್ಲ ಡಬ್ಬಿಯಲ್ಲಿ ಕೂಡಿಹಾಕಿ ಮಿನಿ ಪ್ರಾಜೆಕ್ಟ್ ಮಾಡೋಣ ಅಂತ ಹೊರಟ್ವಿ. ಮೊದಲನೇ ದಿನವೇ ರೂಮ್‌ಮೇಟ್‌ನ ಮಿಕ್ಸಿ ಬ್ಲೇಡ್ ಹೋಯ್ತು.

ಅಷ್ಟು ಗಟ್ಟಿ ಯಾಕೆ? ತೆಂಗು, ಖರ್ಜೂರ ಎರಡೂ ಒಂದೇ ಪಾಮ್ ಕುಟುಂಬದವು. ತೆಂಗಿನಲ್ಲಿ ಚಿಪ್ಪು ಗಟ್ಟಿ, ಮೊಳಕೆಗೆ ಬೇಕಾದ ಆಹಾರ ಅಂದ್ರೆ ಕಾಯಿ ಮೆತ್ತಗೆ. ಖರ್ಜೂರದಲ್ಲಿ ಆ ಆಹಾರವೇ ಕಲ್ಲಿನಂತೆ ಗಟ್ಟಿ! ಮ್ಯಾನನ್ ಅನ್ನೋ ಸಕ್ಕರೆ ಸರಪಳಿಯನ್ನ ಗಿಡ ಜೀವಕೋಶಗಳ ಗೋಡೆಯಲ್ಲಿ ದಪ್ಪವಾಗಿ ತುಂಬಿಟ್ಟಿರತ್ತೆ. ಇಸ್ರೇಲ್‌ನ ಮಸಾಡಾ ಕೋಟೆಯಲ್ಲಿ ಸಿಕ್ಕ ಸುಮಾರು 2000 ವರ್ಷ ಹಳೆಯ ಖರ್ಜೂರದ ಬೀಜವೊಂದು 2005ರಲ್ಲಿ ಮೊಳಕೆ ಒಡೆದಿದೆ.

ಅರಬ್ ದೇಶಗಳಲ್ಲಿ ಈ ಬೀಜವನ್ನ ನೆನೆಸಿ, ಕುಟ್ಟಿ ಒಂಟೆಗೂ ಆಡಿಗೂ ಹಾಕೋದು ಹಳೇ ಪದ್ಧತಿ. ಹುರಿದು ಪುಡಿ ಮಾಡಿದರೆ ಕೆಫೀನ್ ಇಲ್ಲದ ‘ಕಾಫಿ’ ಆಗತ್ತೆ. (ಕುಡಿದು ನೋಡಿದ್ವಿ. ಚಿಕ್ಕಮಗಳೂರಿನವರು ಹೆದರಬೇಕಾಗಿಲ್ಲ.) ಎಣ್ಣೆಯೂ ತೆಗೀಬಹುದು, ಆದರೆ ಬೀಜದ ತೂಕದ ಹತ್ತನೇ ಒಂದು ಭಾಗದ ಆಸುಪಾಸು ಅಷ್ಟೇ.

ನಮಗೆ ಬೇಕಿದ್ದದ್ದು ಆಕ್ಟಿವೇಟೆಡ್ ಕಾರ್ಬನ್. ಇದಕ್ಕೆ ಎರಡು ಹಂತ. ಮೊದಲು ಗಾಳಿ ತಾಗದ ಹಾಗೆ ಸುಮಾರು 600 ಡಿಗ್ರಿಯಲ್ಲಿ ಬೀಜವನ್ನ ಕಾಯಿಸಬೇಕು. ಗಾಳಿ ಸಿಕ್ಕರೆ ಇದ್ದಿಲು ಸಿಗಲ್ಲ, ಬೂದಿ ಸಿಗತ್ತೆ. ಆಮೇಲೆ 800–900 ಡಿಗ್ರಿಯಲ್ಲಿ ಆ ಇದ್ದಿಲಿನ ಮೇಲೆ ಹಬೆ ಹಾಯಿಸಬೇಕು. ಹಬೆ ಕಾರ್ಬನ್ ಜೊತೆ ಸೇರಿ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಆಗಿ ಹೊರಗೆ ಹೋಗತ್ತೆ, ಹೋಗುವಾಗ ಇದ್ದಿಲನ್ನ ಒಳಗಿಂದ ಕೊರೆದು ಸಣ್ಣ ಸಣ್ಣ ರಂಧ್ರ ಮಾಡತ್ತೆ. ಚೆನ್ನಾಗಿ ಬಂದರೆ ಒಂದು ಗ್ರಾಂಗೆ 800 ಚದರ ಮೀಟರ್ ಮೇಲ್ಮೈ, ಅಂದ್ರೆ ಹೆಚ್ಚುಕಡಿಮೆ ಹತ್ತು ಬ್ಯಾಡ್ಮಿಂಟನ್ ಕೋರ್ಟ್! ನೀರಿನಲ್ಲಿರೋ ಬಣ್ಣ, ವಾಸನೆ, ಕ್ಲೋರಿನ್ ಹೋಗೋದು ಈ ಮೇಲ್ಮೈಯಿಂದ. ಸ್ಪಂಜಿನ ಥರ ಹೀರೋದಲ್ಲ ಇದು, ಬಣ್ಣದ ಅಣುಗಳು ಗೋಡೆಗೆ ಅಂಟಿಕೊಳ್ಳತ್ವೆ. ಆದ್ದರಿಂದ ಗೋಡೆ ಎಷ್ಟಿದೆ ಅನ್ನೋದೇ ಲೆಕ್ಕ.

ಲ್ಯಾಬ್‌ನಲ್ಲಿ ಹಬೆ ಹಾಯಿಸೋ ವ್ಯವಸ್ಥೆ ಇರಲಿಲ್ಲ. ಮುಚ್ಚಳ ಇರೋ ಕ್ರೂಸಿಬಲ್‌ನಲ್ಲಿ ಬೀಜ ಹಾಕಿ ಮಫಲ್ ಫರ್ನೇಸ್‌ನಲ್ಲಿಟ್ಟು ಮೊದಲ ಹಂತ ಮಾತ್ರ ಮುಗಿಸಿದ್ವಿ. ಆ ಪುಡಿಯನ್ನ ಮೆಥಿಲೀನ್ ಬ್ಲೂ ದ್ರಾವಣಕ್ಕೆ ಹಾಕಿದರೆ ನೀಲಿ ಸ್ವಲ್ಪ ತೆಳುವಾಯ್ತು, ಹೋಗಲಿಲ್ಲ. ರಂಧ್ರ ಕೊರೆಯದಿದ್ದರೆ ಹಾಗೇ ಆಗೋದು.

ಆದರೆ ನಮ್ಮನ್ನ ಕೂರಿಸಿದ್ದು ಕೆಮಿಸ್ಟ್ರಿ ಅಲ್ಲ, ತೂಕ. ಒಂದು ಬೀಜ ಸುಮಾರು ಒಂದು ಗ್ರಾಂ. 360 ಗ್ರಾಂ ಬೀಜದಿಂದ ಇದ್ದಿಲು ಹೆಚ್ಚುಕಡಿಮೆ ಕಾಲು ಭಾಗ, 90 ಗ್ರಾಂ. ಹಬೆ ಅದರಲ್ಲೂ ಅರ್ಧ ತಿಂದರೆ ಉಳಿಯೋದು 45. ಒಂದು ತಿಂಗಳು, ನಾಲ್ಕು ಜನ, ಒಂದು ಮಿಕ್ಸಿ – ಅಡುಗೆಮನೆ ಫಿಲ್ಟರ್‌ನ ಒಂದು ಕಾರ್ಟ್ರಿಜ್‌ಗೂ ಸಾಲಲ್ಲ!

ಪ್ರಪಂಚದಲ್ಲಿ ವರ್ಷಕ್ಕೆ 90 ಲಕ್ಷ ಟನ್‌ಗೂ ಜಾಸ್ತಿ ಖರ್ಜೂರ ಬೆಳೀತಾರೆ. ಹತ್ತನೇ ಒಂದು ಭಾಗ ಬೀಜ ಅಂದ್ಕೊಂಡರೂ 9 ಲಕ್ಷ ಟನ್. ಓದೋಕೆ ಭಾರಿ ಸಂಖ್ಯೆ. ಆದರೆ ಅದರಲ್ಲಿ ದೊಡ್ಡ ಪಾಲು ನಮ್ಮ ಡಬ್ಬಿಯ ಹಾಗೆ ಮನೆಮನೆಯ ಕಸದಲ್ಲಿ ಚದುರಿ ಹೋಗಿರತ್ತೆ. ಬೀಜ ಟನ್‌ಗಟ್ಟಲೆ ಒಂದೇ ಕಡೆ ಬೀಳೋದು ಖರ್ಜೂರದ ಪೇಸ್ಟ್, ಸಿರಪ್ ಮಾಡೋ ಫ್ಯಾಕ್ಟರಿಗಳಲ್ಲಿ. ತೆಂಗಿನ ಚಿಪ್ಪಿನ ಕಾರ್ಬನ್ ಗೆದ್ದಿದ್ದರಲ್ಲೂ ಇದರ ಪಾತ್ರ ಇದೆ. ತಿಪಟೂರು ಕಡೆ ಕೊಬ್ಬರಿ ತೆಗೆಯೋ ಜಾಗದಲ್ಲಿ ಚಿಪ್ಪು ತಾನಾಗೇ ರಾಶಿ ಬೀಳತ್ತೆ, ಯಾರೂ ಡಬ್ಬಿ ಹಿಡಿದು ಓಡಾಡಬೇಕಿಲ್ಲ.

ಹೋದ ವಾರ ಖರ್ಜೂರದ ಲಡ್ಡು ಮಾಡೋ ಸ್ವೀಟ್ ಅಂಗಡಿಗೆ ಹೋಗಿ, “ಅಂಕಲ್, ಬೀಜ ಏನ್ ಮಾಡ್ತೀರಾ?” ಅಂತ ಕೇಳಿದ್ವಿ. “ಬೀಜ ಎಲ್ಲಿದೆಯಪ್ಪಾ, ನಾವು ತರಿಸೋದೇ ಬೀಜ ತೆಗೆದಿರೋದು” ಅಂದ್ರು. ನಮಗೆ ಬೇಕಾದ ರಾಶಿ ಸಮುದ್ರದ ಆಚೆನೇ ಉಳಿದಿತ್ತು. ಮುಂದಿನ ಸೆಮ್‌ನಲ್ಲಿ ಉಳಿದ ಬೀಜವನ್ನೂ ತಿಪಟೂರಿನ ಚಿಪ್ಪನ್ನೂ ಒಂದೇ ಫರ್ನೇಸ್‌ನಲ್ಲಿಟ್ಟು ಹೋಲಿಸಿ ನೋಡ್ತೀವಿ. ಹಬೆ ಹಾಯಿಸೋ ಪೈಪ್ ಮಾಡಿಕೊಡೋ ಮೆಕ್ಯಾನಿಕಲ್‌ನವರು ಯಾರಾದರೂ ಇದ್ದರೆ ಬನ್ನಿ. ಮಿಕ್ಸಿ ಮಾತ್ರ ನೀವೇ ತರಬೇಕು.