ಪಾದರಸವೂ ಬೆಂಕಿಯೂ

ಬ್ರಹ್ಮಗಿರಿಯ ಬಂಡೆ ಬೇಸಗೆಯ ಬಿಸಿಲಿಗೆ ಎಷ್ಟು ಕಾಯ್ದರೂ ಅಶೋಕನ ಅಕ್ಷರಗಳು ಸುಮಾರು 2,200 ವರ್ಷಗಳಿಂದ ಅದರ ಮೇಲೆ ನಿಂತಿವೆ. ಅದೇ ಬಿಸಿಲಿನಲ್ಲಿ ತೆರೆದಿಟ್ಟ ಪಾದರಸವಾದರೋ ಕಣ್ಣಿಗೆ ಕಾಣದ ಆವಿಯಾಗಿ ಮೆಲ್ಲಮೆಲ್ಲನೆ ಹಾರಿಹೋಗುವುದು.

ಪಾದರಸವು ಕಾದಂತೆ ಹಿಗ್ಗುವುದು. ಆದುದರಿಂದಲೇ ಅದು ಉಷ್ಣಮಾಪಕದ ನಳಿಗೆಯನ್ನು ಸೇರಿತು. 357 ಡಿಗ್ರಿ ಸೆಂಟಿಗ್ರೇಡಿನಲ್ಲಿ ಅದು ಕುದಿಯುವುದು. ಅದಕ್ಕೆ ತುಸು ಕಡಮೆ ಕಾವಿನಲ್ಲಿ ಗಾಳಿಯೊಡನೆ ಬಹುಕಾಲ ಕಾಯಿಸಿದರೆ ಕೆಂಪು ಪುಡಿಯಾಗುವುದು. 500 ಡಿಗ್ರಿ ಮೀರಿದರೆ ಆ ಪುಡಿಯೇ ಆಮ್ಲಜನಕವನ್ನು ಬಿಟ್ಟು ಮರಳಿ ಪಾದರಸವಾಗುವುದು. ರೂಪ ಬದಲಾಯಿತೇ ಹೊರತು ಮೂಲದ್ರವ್ಯ ಬದಲಾಗಲಿಲ್ಲ.

ರಸವಾದಿಗಳು ಇದರಲ್ಲಿ ಹೊನ್ನನ್ನೂ ಸಿದ್ಧರು ಅಳಿಯದ ಕಾಯವನ್ನೂ ಅರಸಿದರು. ಶೂನ್ಯಸಂಪಾದನೆಯಲ್ಲಿ ಗೋರಕ್ಷನ ವಜ್ರಕಾಯದ ಹೆಮ್ಮೆ ಅಲ್ಲಮಪ್ರಭುವಿನ ಮುಂದೆ ಕರಗಿತು. ಇನ್ನು ಹೊನ್ನಿನ ಮಾತು: ಚಿನ್ನವನ್ನು ಮೊದಲೇ ಕರಗಿಸಿಟ್ಟ ಪಾದರಸವನ್ನು ಕಾಯಿಸಿದರೆ ರಸವು ಹಾರಿ ಚಿನ್ನವು ಉಳಿಯುವುದು. ವಂಚಕನ ಪವಾಡವೆಂಬುದು ಇಷ್ಟೇ.

ಆ ಆವಿಗೆ ವಾಸನೆಯಿಲ್ಲ. ಆದರೆ ಅದು ಶ್ವಾಸಕೋಶ, ನರಗಳು, ಮೂತ್ರಪಿಂಡಗಳನ್ನು ಕೆಡಿಸುವ ವಿಷ. ಮನೆಯ ಒಲೆಯ ಮೇಲೆ ಪಾದರಸವನ್ನು ಕಾಯಿಸುವವನು ಚಿನ್ನವನ್ನು ಪಡೆಯನು; ಮಕ್ಕಳ ಉಸಿರಿಗೆ ವಿಷವನ್ನು ಬೆರೆಸುವನು. ದುಡಿಮೆಯ ಹೊನ್ನಿಗೆ ಈ ಭಯವಿಲ್ಲ.