ಉಪಕಾರಸ್ಮರಣೆಯೂ ಪ್ರಸಾದಭಾವವೂ

ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಈ ಸ್ಥಲದ ಸಾಧಕನು ಉಣ್ಣುವ ಅನ್ನವನ್ನಾಗಲಿ, ಕುಡಿಯುವ ನೀರನ್ನಾಗಲಿ, ಕಾಯಕದಿಂದ ಬಂದ ಫಲವನ್ನಾಗಲಿ ತನ್ನ ಸ್ವಾರ್ಜಿತವೆಂದು ಬಗೆಯನು. ಲಿಂಗಕ್ಕರ್ಪಿಸಿ ಪ್ರಸಾದವೆಂದು ಸ್ವೀಕರಿಸುವನು. ಪ್ರಸಾದವೆಂಬ ಶಬ್ದಕ್ಕೆ ಅನುಗ್ರಹವೆಂಬ ಅರ್ಥವಿರುವಂತೆಯೇ ಪ್ರಸನ್ನತೆಯೆಂಬ ಅರ್ಥವೂ ಉಂಟು. ಕದಡಿದ ನೀರು ನಿಂತು ತಿಳಿಯಾಗುವಂತೆ ಚಿತ್ತವು ತಿಳಿಯಾಗುವುದೇ ಪ್ರಸಾದ. ಹಾಗಾದರೆ, ಪಡೆದುದನ್ನು ಸ್ಮರಿಸುವುದರಿಂದ ಮನಸ್ಸು ನಿಜವಾಗಿಯೂ ಪ್ರಸನ್ನವಾಗುವುದೇ? ಈ ಪ್ರಶ್ನೆಗೆ ಸಮೀಪವಾದುದೊಂದನ್ನು ಪಾಶ್ಚಾತ್ಯ ಮನಶ್ಶಾಸ್ತ್ರಜ್ಞರು ಪ್ರಯೋಗದ ಮೂಲಕ ಪರೀಕ್ಷಿಸಿದ್ದಾರೆ.

೧೯೯೮ರಲ್ಲಿ ಅಮೆರಿಕೆಯ ಮನಶ್ಶಾಸ್ತ್ರ ಸಂಘದ ಅಧ್ಯಕ್ಷರಾಗಿದ್ದ ಮಾರ್ಟಿನ್ ಸೆಲಿಗ್‌ಮನ್ ಎಂಬ ವಿದ್ವಾಂಸರು, ಮನಸ್ಸಿನ ರೋಗಗಳನ್ನಷ್ಟೇ ಅಲ್ಲದೆ ಅದರ ಸದ್ಗುಣಗಳನ್ನೂ ಶಾಸ್ತ್ರವು ಅಧ್ಯಯನ ಮಾಡಬೇಕೆಂದು ಪ್ರತಿಪಾದಿಸಿದರು. ಇದರಿಂದ ಹೊರಟ ಶಾಖೆಗೆ ಸಕಾರಾತ್ಮಕ ಮನಶ್ಶಾಸ್ತ್ರವೆಂದು ಹೆಸರು. ಅವರೂ ಅವರ ಸಂಗಡಿಗರೂ ೨೦೦೫ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ೫೭೭ ಜನರು ಸೇರಿದ್ದರು. ೪೧೧ ಜನರು ಕೊನೆಯವರೆಗೆ ನಿಂತರು. ಒಂದು ಗುಂಪಿನವರು ಒಂದು ವಾರ ಪ್ರತಿರಾತ್ರಿ ಆ ದಿನ ನಡೆದ ಮೂರು ಒಳ್ಳೆಯ ಸಂಗತಿಗಳನ್ನೂ ಅವುಗಳ ಕಾರಣವನ್ನೂ ಬರೆದಿಡಬೇಕಾಗಿತ್ತು. ಮತ್ತೊಂದು ಗುಂಪಿನವರು ತಮಗೆ ಉಪಕಾರ ಮಾಡಿಯೂ ಸರಿಯಾದ ಕೃತಜ್ಞತೆಯನ್ನು ಪಡೆಯದ ಒಬ್ಬರಿಗೆ ಪತ್ರ ಬರೆದು, ತಾವೇ ಹೋಗಿ ಮುಟ್ಟಿಸಬೇಕಾಗಿತ್ತು. ಪತ್ರ ಮುಟ್ಟಿಸಿದವರ ಸಂತೋಷವು ಎಲ್ಲರಿಗಿಂತಲೂ ಹೆಚ್ಚಾಗಿ ಏರಿತು. ಆದರೆ ಮೂರು ತಿಂಗಳಾಗುವಷ್ಟರಲ್ಲಿ ಇಳಿದುಹೋಯಿತು. ಮೂರು ಸಂಗತಿಗಳನ್ನು ಬರೆದವರ ಲಾಭವು ಮೆಲ್ಲನೆ ತೋರಿ ಆರು ತಿಂಗಳವರೆಗೂ ಉಳಿಯಿತು. ನಿಯಮಿತವಾದ ವಾರ ಕಳೆದ ಮೇಲೂ ಸ್ವಂತ ಇಚ್ಛೆಯಿಂದ ಅಭ್ಯಾಸವನ್ನು ಮುಂದುವರಿಸಿದವರಲ್ಲಿ ಫಲವು ಹೆಚ್ಚಾಗಿತ್ತು.

ಇಷ್ಟನ್ನೇ ಕೇಳಿ, ಶರಣರು ಇದನ್ನೆಲ್ಲ ಎಂದೋ ಹೇಳಿದ್ದರೆಂದು ಹೆಮ್ಮೆಪಡುವವರುಂಟು. ಅವಸರ ಸಲ್ಲದು. ೨೦೧೨ರಲ್ಲಿ ಕೆನಡಾದ ಸಂಶೋಧಕರು ಇದೇ ಪ್ರಯೋಗವನ್ನು ಪುನಃ ನಡೆಯಿಸಿದಾಗ, ಬಾಲ್ಯದ ಸವಿನೆನಪುಗಳನ್ನು ಸುಮ್ಮನೆ ಬರೆದವರಿಗೂ ಅಷ್ಟೇ ಸಂತೋಷವುಂಟಾಯಿತು. ೨೦೧೩ರಲ್ಲಿ ೩೯ ಅಧ್ಯಯನಗಳನ್ನೂ ಅವುಗಳಲ್ಲಿ ಸೇರಿದ್ದ ೬,೧೩೯ ಜನರ ಫಲಿತಾಂಶವನ್ನೂ ಒಟ್ಟುಗೂಡಿಸಿ ನೋಡಿದಾಗ ಪ್ರಯೋಜನವು ಉಂಟು, ಆದರೆ ಅಲ್ಪವೆಂದೇ ಕಂಡುಬಂದಿತು. ಲ್ಯುಬೊಮಿರ್‌ಸ್ಕಿ ಮೊದಲಾದವರು ೨೦೦೫ರಲ್ಲಿ ತಿಳಿಸಿದ ಮತ್ತೊಂದು ಪ್ರಯೋಗವು ಇನ್ನೂ ವಿಚಾರಾರ್ಹ. ಆರು ವಾರಗಳ ಕಾಲ, ವಾರಕ್ಕೊಮ್ಮೆ ತಮ್ಮ ಭಾಗ್ಯಗಳನ್ನು ಎಣಿಸಿದವರಿಗೆ ಲಾಭವಾಯಿತು. ವಾರಕ್ಕೆ ಮೂರು ಸಲ ಎಣಿಸಿದವರಿಗೆ ಆಗಲಿಲ್ಲ. ಎಣಿಕೆಯು ರೂಢಿಯಾಗಿ ಜಡವಾದರೆ ಅದರಲ್ಲಿ ಸತ್ತ್ವವುಳಿಯದೆಂದು ಇದರಿಂದ ಊಹಿಸಬಹುದು. ಮನಸ್ಸಿಲ್ಲದೆ ಮಣಿಯೆಣಿಸುವ ಜಪವನ್ನು ಬಲ್ಲವರಿಗೆ ಇದು ಹೊಸ ಸಂಗತಿಯೇನೂ ಅಲ್ಲ.

ಪ್ರಸಾದಿಯ ಮಾರ್ಗವು ಬೇರೆಯಾಗುವುದು ಇಲ್ಲಿಯೇ. ಆಯ್ದಕ್ಕಿ ಮಾರಯ್ಯನು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುತ್ತಿದ್ದ ಶರಣ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಅವನ ಸತಿ ಲಕ್ಕಮ್ಮನು ಹಿಗ್ಗಲಿಲ್ಲ. ಈ ಹೆಚ್ಚಳವು ಆಸೆಯ ಫಲವೆಂದು ಎಚ್ಚರಿಸಿ, ತಂದಲ್ಲಿಯೇ ಸುರಿದು ಬರುವಂತೆ ಅವನನ್ನು ಹಿಂದಕ್ಕೆ ಕಳುಹಿಸಿದಳೆಂದು ಶರಣರ ಕಥೆಗಳಲ್ಲಿ ಪ್ರಸಿದ್ಧವಾಗಿದೆ. ಆ ಸಂಜೆ ಮಾರಯ್ಯನು ದಿನದ ಒಳ್ಳೆಯ ಸಂಗತಿಗಳನ್ನು ಬರೆದಿಡುವವನಾಗಿದ್ದರೆ ಹೆಚ್ಚಿನ ಅಕ್ಕಿಯೇ ಮೊದಲ ಸಾಲಿನಲ್ಲಿ ಬರುತ್ತಿತ್ತು! ಲಕ್ಕಮ್ಮನ ಪ್ರಶ್ನೆಯು, ಎಷ್ಟು ದೊರೆಯಿತೆಂಬುದಲ್ಲ. ದೊರೆತುದು ಯಾರದು, ಯಾರಿಗೆ ಸಲ್ಲತಕ್ಕದ್ದು ಎಂಬುದು. ಮನಶ್ಶಾಸ್ತ್ರದ ಅಭ್ಯಾಸವು ತನ್ನ ಸಂತೋಷಕ್ಕಾಗಿ ಉಪಕಾರವನ್ನು ನೆನೆಯಿಸುತ್ತದೆ. ಪ್ರಸಾದಭಾವವು ಪಡೆದುದನ್ನು ದಾಸೋಹದಲ್ಲಿ ಸಲ್ಲಿಸುತ್ತದೆ; ಸಂತೋಷವು ಅದರೊಡನೆ ಬಂದರೆ ಬರಲಿ. ಆದಕಾರಣ ಪ್ರಯೋಗದ ಅಳತೆಯನ್ನು ತಂದು ಪ್ರಸಾದಿಸ್ಥಲಕ್ಕೆ ಪ್ರಮಾಣವೆಂದು ಹಚ್ಚುವುದೂ ಸರಿಯಲ್ಲ, ಆ ಪ್ರಯೋಗಗಳನ್ನು ಹೀಗಳೆಯುವುದೂ ಸರಿಯಲ್ಲ. ಖರ್ಚಿಲ್ಲದ, ಅಲ್ಪವಾದರೂ ಹಿತವಾದ ಅಭ್ಯಾಸವನ್ನು ವಿದ್ಯಾರ್ಥಿಗಳು ಧಾರಾಳವಾಗಿ ಕೈಕೊಳ್ಳಬಹುದು. ವಾರಕ್ಕೊಮ್ಮೆ ಸಾಕು, ಪೂಜೆಯ ತರುವಾಯ ಕುಳಿತು, ಉಪಕಾರಿಗಳ ಹೆಸರನ್ನು ಹಿಡಿದು ನೆನೆಯಲಿ. ಸಾಧ್ಯವಿದ್ದರೆ ಅವರಲ್ಲೊಬ್ಬರ ಮನೆಗೆ ಹೋಗಿ ಬರಲಿ.

ಆದರೆ ಇದನ್ನು ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಎಂಬ ವಿವೇಕವು ಅತ್ಯಗತ್ಯ. ಮಗುವನ್ನು ಕಳೆದುಕೊಂಡು ಮಠಕ್ಕೆ ಬಂದ ತಾಯಿಗೆ, ನಿನಗಿರುವ ಭಾಗ್ಯಗಳನ್ನು ಎಣಿಸಿಕೋ ಎಂದು ಬೋಧಿಸುವುದು ಸಾಂತ್ವನವಲ್ಲ, ಕ್ರೌರ್ಯ. ಶರಣರು ನಗುಮುಖವನ್ನು ವ್ರತವಾಗಿ ವಿಧಿಸಿದವರಲ್ಲ. ಬಸವಣ್ಣನವರ ವಚನಗಳಲ್ಲಿ ಆತ್ಮನಿಂದೆಯೂ ಅಳಲೂ ಎಷ್ಟೊಂದಿವೆ! ಅಕ್ಕಮಹಾದೇವಿಯವರ ವಿರಹವನ್ನು ಬಲ್ಲವರಾರೂ ದುಃಖವನ್ನು ದೋಷವೆನ್ನಲಾರರು.

ಇನ್ನು, ವಾರಗಟ್ಟಲೆ ನಿದ್ರೆ ಆಹಾರಗಳು ಕೆಟ್ಟು, ಯಾವುದರಲ್ಲಿಯೂ ಆಸಕ್ತಿಯಿಲ್ಲದೆ, ಜೀವವೇ ಬೇಡವೆನ್ನುವ ಸ್ಥಿತಿಯು ಭಕ್ತಿಯ ಕೊರತೆಯಲ್ಲ, ಅದು ರೋಗ. ೨೦೧೯ರಲ್ಲಿ ಹಿಂದಿನ ಅಧ್ಯಯನಗಳನ್ನು ಪುನಃ ಲೆಕ್ಕ ಹಾಕಿದವರು, ಖಿನ್ನತೆಯ ಮೇಲೆ ಈ ಅಭ್ಯಾಸಗಳ ಪರಿಣಾಮವು ನಿಶ್ಚಯವಾಗಿ ಹೇಳುವಷ್ಟಿಲ್ಲವೆಂದು ಕಂಡರು. ಇಂಥವರನ್ನು ಮನೆಯವರು ಒಂಟಿಯಾಗಿ ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಅದು ಕೂಡಲೇ ಸಾಧ್ಯವಾಗದಿದ್ದಲ್ಲಿ, ಭಾರತ ಸರ್ಕಾರವು ೨೦೨೨ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಗೆ ೧೪೪೧೬ ಎಂಬ ಸಂಖ್ಯೆಯ ದೂರವಾಣಿಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.