ಪಾಕೀಟಿಗಿಂತ ಮೊದಲು ಗಿರಾಕಿ

ಕುಂದಗೋಳ, ನವಲಗುಂದ, ಅಣ್ಣಿಗೇರಿ, ಕಲಘಟಗಿ ಕಡೆ ಮನೆಯಲ್ಲೇ ಖಾರಪುಡಿ, ಶೇಂಗಾ ಚಟ್ನಿ, ಖಡಕ್ ರೊಟ್ಟಿ ಮಾಡಿ ಮಾರಲು ಹೊರಟಿರುವ ಅಕ್ಕ-ತಂಗಿಯರೇ, ಒಂದು ಮಾತು ಕೇಳ್ರಿ. ಕೈಯಲ್ಲಿ ನಾಲ್ಕು ಕಾಸು ಕೂಡಿದ ಕೂಡಲೇ ಬಣ್ಣದ ಪಾಕೀಟುಗಳನ್ನು ಸಾವಿರಗಟ್ಟಲೆ ಅಚ್ಚು ಹಾಕಿಸಬೇಡಿ. ನಾಳೆ ತೂಕವೋ ಬೆಲೆಯೋ ಬದಲಾದರೆ ಆ ಕಟ್ಟು ಅಟ್ಟ ಸೇರುತ್ತದೆ. ಮೊದಲ ವರ್ಷ ಸಾದಾ ಪಾಕೀಟು, ಮೇಲೊಂದು ಚೀಟಿ ಸಾಕು. ಚೀಟಿಯಲ್ಲಿ ತೂಕ, ತಯಾರಿಸಿದ ದಿನ, ಎಷ್ಟು ದಿನ ಬಾಳುತ್ತದೆಂಬುದು, ಎಫ್‌ಎಸ್‌ಎಸ್‌ಎಐ ನೋಂದಣಿ ಸಂಖ್ಯೆ ಮೊದಲಾದವು ತಪ್ಪಬಾರದು.

ಖಾರಪುಡಿಯ ಚೀಟಿಯಲ್ಲಿ ಹೆಸರು ಬರೆಯುವಾಗಲೂ ಎಚ್ಚರವಿರಲಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಕಡುಗೆಂಪು ಬಣ್ಣ, ಹದವಾದ ಖಾರ ಅದರ ಗುಣ. ಬೇರೆ ತಳಿ ಬೆರೆಸಿ ಅದೇ ಹೆಸರು ಬರೆಯಬೇಡಿ. ಹುಬ್ಬಳ್ಳಿಯ ಗಿರಾಕಿ ಚಿಟಿಕೆ ಪುಡಿಯನ್ನು ಅಂಗೈಯಲ್ಲಿ ತಿಕ್ಕಿ, ಮೂಸಿ ನೋಡಿಯೇ ಕೊಳ್ಳುವವಳು. ಒಮ್ಮೆ ಮೋಸ ಹೋದರೆ ಮತ್ತೆ ಬರುವುದಿಲ್ಲ.

ಬೆಲೆ ಕಟ್ಟುವಾಗ ನಮ್ಮವರು ಎಡವುವುದೇ ಹೆಚ್ಚು. ಹತ್ತು ಕಿಲೋ ಕಾಯಿ ಕುಟ್ಟಿಸಿದರೆ ಹತ್ತು ಕಿಲೋ ಪುಡಿ ಬರುವುದಿಲ್ಲ. ತೊಟ್ಟು ಹೋಗುತ್ತದೆ, ಬಿಸಿಲಿಗೆ ತೇವ ಹೋಗುತ್ತದೆ. ಗಿರಣಿ ಖರ್ಚು, ಬಸ್ಸಿನ ಚಾರ್ಜು ಬರೆದಿಡುವಿರಿ, ಆದರೆ ತೊಟ್ಟು ಬಿಡಿಸಿ ಉರಿಯುವ ನಿಮ್ಮ ಬೆರಳುಗಳ ಕೂಲಿಯನ್ನು ಯಾಕೆ ಬಿಡುತ್ತೀರಿ, ತಂಗೀ? ಅದನ್ನೂ ಸೇರಿಸಿ.

ಇನ್ನು ಉದ್ರಿ. ಅಂಗಡಿಗೆ ಮೊದಲು ಐದೇ ಪಾಕೀಟು ಕೊಡಿ. ಅದರ ರೊಕ್ಕ ಕೈಗೆ ಬಂದ ಮೇಲೆ ಮುಂದಿನ ಹತ್ತು.